ಕಂಪ್ಯೂಟರಿನ ದೀರ್ಘ ಕೆಲಸ ಮುಗಿದಾಗ ಸುದ್ದಿ ತಾನಾಗಿ ಬರುವಂತೆ ಮಾಡುವ ಬಗೆ

ಕಲಬುರಗಿಯಲ್ಲಿ ನಾನು ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಮಾಡಿದ ಪುಟಗಳನ್ನು ಪಠ್ಯವಾಗಿ ಪರಿವರ್ತಿಸುವ ಕೆಲಸ ಮಾಡುತ್ತೇನೆ. ಪುಟಗಳ ಚಿತ್ರಗಳನ್ನು ಟೆಸರ್ಯಾಕ್ಟ್ ಎಂಬ ಮುಕ್ತ ತಂತ್ರಾಂಶಕ್ಕೆ ಒಪ್ಪಿಸಿದರೆ ಅದು ಒಂದೊಂದಾಗಿ ಓದುತ್ತ ಹೋಗುತ್ತದೆ. ಎರಡು ಮೂರು ಸಾವಿರ ಪುಟಗಳ ಒಂದು ಕಂತು ಮುಗಿಯುವುದಕ್ಕೆ ನನ್ನ ಹಳೆಯ ಯಂತ್ರಕ್ಕೆ ಇಡೀ ರಾತ್ರಿ ಬೇಕು. ನನ್ನ ಕೋಣೆಯ ಕೆಳಗೆ ಮದುವೆಯ ವಿಡಿಯೋ ಸಿದ್ಧಪಡಿಸುವ ಒಂದು ಸ್ಟುಡಿಯೋ ಇದೆ. ಮೂರು ಗಂಟೆಯ ವಿಡಿಯೋವನ್ನು ಕೊನೆಯ ರೂಪಕ್ಕೆ ತರಲು ಅವರ ಯಂತ್ರವೂ ಗಂಟೆಗಟ್ಟಲೆ ದುಡಿಯುತ್ತದೆ. ಆ ಹೊತ್ತಿನಲ್ಲಿ ಮದುವೆ ಮನೆಯವರಿಂದ ಬರುವ ಫೋನಿನಲ್ಲಿ ಇರುವುದು ಒಂದೇ ಪ್ರಶ್ನೆ: "ಮುಗೀತೇನ್ರಿ?" ಅದಕ್ಕೆ ಉತ್ತರ ಹೇಳಬೇಕಾದರೆ ಒಬ್ಬರು ಎದ್ದು ಹೋಗಿ ಪರದೆಯನ್ನು ನೋಡಿ ಬರಬೇಕು.

ಹೀಗೆ ಎದ್ದು ಹೋಗಿ ನೋಡುವ ಕೆಲಸವನ್ನು ಯಂತ್ರಕ್ಕೇ ವಹಿಸಬಹುದು. ಕೆಲಸ ಮುಗಿದ ಕ್ಷಣವೇ ಯಂತ್ರ ಸದ್ದು ಮಾಡುವಂತೆ, ಪರದೆಯ ಮೂಲೆಯಲ್ಲಿ ಸೂಚನೆ ತೋರಿಸುವಂತೆ, ನಾವು ಊಟಕ್ಕೆ ಮನೆಗೆ ಹೋಗಿದ್ದರೂ ಬೀದರಿಗೆ ಬಸ್ಸಿನಲ್ಲಿ ಹೊರಟಿದ್ದರೂ ಮೊಬೈಲಿಗೆ ಸಂದೇಶ ಕಳಿಸುವಂತೆ ಏರ್ಪಾಡು ಮಾಡಲು ಹಣ ಬೇಕಿಲ್ಲ, ಅರ್ಧ ದಿನದ ಗಮನ ಸಾಕು. ಆದರೆ ಸಂದೇಶ ಬರುವಂತೆ ಮಾಡುವುದು ಸುಲಭ, ಬಂದ ಸಂದೇಶವನ್ನು ನಂಬುವಂತೆ ಮಾಡುವುದು ಕಷ್ಟ. ಹೆಚ್ಚಿನ ಮಾರ್ಗದರ್ಶಿಗಳು ಮೊದಲನೆಯದನ್ನು ಹೇಳಿ ನಿಲ್ಲುತ್ತವೆ. ಎರಡನೆಯದನ್ನು ತಿಳಿಯದೆ ನಾನು ಒಂದು ರಾತ್ರಿಯ ಕೆಲಸ ಕಳೆದುಕೊಂಡಿದ್ದೇನೆ. ಆದ್ದರಿಂದ ಇಲ್ಲಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಆದೇಶಗಳ ಹೆಸರುಗಳನ್ನು ಉಚ್ಚರಿಸುವಂತೆಯೇ ಕನ್ನಡದಲ್ಲಿ ಬರೆದಿದ್ದೇನೆ. ಆದೇಶಗಳನ್ನು ಬರೆಯುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿಯೇ ಟೈಪ್ ಮಾಡಬೇಕು. ಕಾಗುಣಿತದಲ್ಲಿ ಗೊಂದಲವಾಗಬಹುದಾದ ಕಡೆ ಅಕ್ಷರಗಳನ್ನು ಬಿಡಿಸಿ ಹೇಳಿದ್ದೇನೆ. ಉದಾಹರಣೆಗಳು ಮುಖ್ಯವಾಗಿ ಉಬುಂಟು ಲಿನಕ್ಸ್‌ನವು. ವಿಂಡೋಸ್‌ನಲ್ಲಿ ಬೇರೆಯಾಗುವ ಕಡೆ ಅದನ್ನೂ ತಿಳಿಸಿದ್ದೇನೆ.

ಮುಗಿಯುವುದು ಎಂದರೇನು

ಒಂದು ಪ್ರೋಗ್ರಾಂ ಕೊನೆಗೊಳ್ಳುವಾಗ, ತನ್ನನ್ನು ಓಡಿಸಿದ ಶೆಲ್‌ಗೆ (ಟರ್ಮಿನಲ್‌ನಲ್ಲಿ ನಾವು ಬರೆದ ಆದೇಶಗಳನ್ನು ನಡೆಸುವ ಪ್ರೋಗ್ರಾಂಗೆ) ಒಂದು ಸಂಖ್ಯೆಯನ್ನು ಒಪ್ಪಿಸಿ ಹೋಗುತ್ತದೆ. ಇದಕ್ಕೆ ಎಕ್ಸಿಟ್ ಕೋಡ್ ಎನ್ನುತ್ತಾರೆ. 0 ಎಂದರೆ ಕೆಲಸ ಸರಿಯಾಗಿ ಮುಗಿದಿದೆ ಎಂದರ್ಥ. 1ರಿಂದ 255ರವರೆಗಿನ ಯಾವ ಸಂಖ್ಯೆ ಬಂದರೂ ಏನೋ ತಪ್ಪಾಗಿದೆ. ಆದೇಶವೇ ಸಿಗದಿದ್ದರೆ 127 ಬರುತ್ತದೆ. ನಾವೇ ಕಂಟ್ರೋಲ್ ಮತ್ತು ಸಿ ಒತ್ತಿ ನಿಲ್ಲಿಸಿದರೆ ಸಾಮಾನ್ಯವಾಗಿ 130. ಮೆಮೊರಿ ಸಾಲದೆ ಲಿನಕ್ಸ್ ತಾನಾಗಿಯೇ ಪ್ರೋಗ್ರಾಂ ಅನ್ನು ಕೊಂದುಹಾಕಿದಾಗ 137 ಕಾಣುತ್ತದೆ. ದೊಡ್ಡ ಚಿತ್ರಗಳನ್ನು ಅಥವಾ ದೊಡ್ಡ ದತ್ತಾಂಶವನ್ನು ಸಣ್ಣ ಯಂತ್ರದಲ್ಲಿ ನಡೆಸುವವರು ಈ 137 ಅನ್ನು ನೆನಪಿನಲ್ಲಿಡಬೇಕು.

ಎರಡು ಆದೇಶಗಳನ್ನು ಒಂದೇ ಸಾಲಿನಲ್ಲಿ ಜೋಡಿಸಲು ಮೂರು ಬಗೆಗಳಿವೆ. ನಡುವೆ ; (ಅರ್ಧವಿರಾಮ) ಇಟ್ಟರೆ ಮೊದಲನೆಯದು ಗೆದ್ದರೂ ಸೋತರೂ ಎರಡನೆಯದು ನಡೆಯುತ್ತದೆ. && ಇಟ್ಟರೆ ಮೊದಲನೆಯದು ಗೆದ್ದಾಗ ಮಾತ್ರ ನಡೆಯುತ್ತದೆ. || ಇಟ್ಟರೆ ಸೋತಾಗ ಮಾತ್ರ. ಹೊಸಬರು ಸಾಮಾನ್ಯವಾಗಿ && ಆರಿಸಿಕೊಳ್ಳುತ್ತಾರೆ, ಏಕೆಂದರೆ "ಕೆಲಸ ಮುಗಿದ ಮೇಲೆ ತಿಳಿಸು" ಎಂಬ ಮಾತಿಗೆ ಅದು ಸರಿಹೊಂದುವಂತೆ ಕಾಣುತ್ತದೆ. ಇದೇ ದೊಡ್ಡ ತಪ್ಪು. ರಾತ್ರಿ ಹನ್ನೊಂದಕ್ಕೆ ಆರಂಭಿಸಿದ ಕೆಲಸ ಹನ್ನೊಂದೂವರೆಗೆ ಸೋತು ನಿಂತರೆ && ಇಟ್ಟವರಿಗೆ ಏನೂ ತಿಳಿಯುವುದಿಲ್ಲ; ಸಂದೇಶ ಬಂದಿಲ್ಲ, ಇನ್ನೂ ನಡೆಯುತ್ತಿರಬೇಕು ಎಂದುಕೊಂಡು ಬೆಳಗಿನವರೆಗೆ ನೆಮ್ಮದಿಯಾಗಿ ಮಲಗುತ್ತಾರೆ. ಆದ್ದರಿಂದ ; ಇಟ್ಟು ಎರಡೂ ಸಂದರ್ಭಗಳಲ್ಲಿ ಸಂದೇಶ ಬರುವಂತೆ ಮಾಡಿ, ಆ ಸಂದೇಶದೊಳಗೆ ಎಕ್ಸಿಟ್ ಕೋಡ್ ಅನ್ನು ಬರೆಯಿಸುವುದು ಮೇಲು. ಹಿಂದಿನ ಆದೇಶದ ಕೋಡ್ $? ಎಂಬ ಚಿಹ್ನೆಯಲ್ಲಿ ಸಿಗುತ್ತದೆ. ಮುಂದಿನ ಯಾವ ಆದೇಶ ನಡೆದರೂ ಅದು ಬದಲಾಗಿಬಿಡುವುದರಿಂದ, ಕೆಲಸ ಮುಗಿದ ಕೂಡಲೇ ಅದನ್ನು ಬೇರೊಂದು ಹೆಸರಿನಲ್ಲಿ ತೆಗೆದಿಟ್ಟುಕೊಳ್ಳಬೇಕು.

ಇಲ್ಲಿ ಇನ್ನೂ ಎರಡು ಕಡೆ ಕಾಲು ಜಾರುತ್ತದೆ. ಮೊದಲನೆಯದು ಪೈಪ್, ಎಂದರೆ ಒಂದು ಆದೇಶದ ಫಲಿತಾಂಶವನ್ನು ಇನ್ನೊಂದಕ್ಕೆ ಹರಿಸುವುದು. ಕೆಲಸದ ವರದಿಯನ್ನು ಪರದೆಯಲ್ಲಿಯೂ ಕಾಣಿಸಿ ಫೈಲಿನಲ್ಲಿಯೂ ಉಳಿಸಲು ಅನೇಕರು ಆದೇಶದ ಮುಂದೆ | ಗೆರೆ ಹಾಕಿ ಟೀ ಎಂಬ ಆದೇಶವನ್ನು ಸೇರಿಸುತ್ತಾರೆ. ಇದರ ಕಾಗುಣಿತ ಟಿ, ಇ, ಇ. ಹಾಗೆ ಮಾಡಿದಾಗ $? ಹೇಳುವುದು ಟೀ ಆದೇಶದ ಫಲಿತಾಂಶವನ್ನೇ ಹೊರತು ನಮ್ಮ ಕೆಲಸದ್ದನ್ನಲ್ಲ. ಕೆಲಸ ಪೂರ್ತಿ ಕೆಟ್ಟಿದ್ದರೂ ಟೀ ತನ್ನ ಪಾಲಿನದನ್ನು ಸರಿಯಾಗಿ ಮಾಡಿರುತ್ತದೆ, 0 ಎಂದು ವರದಿ ಬರುತ್ತದೆ. ಸ್ಕ್ರಿಪ್ಟಿನ (ಆದೇಶಗಳನ್ನು ಸಾಲಾಗಿ ಬರೆದಿಟ್ಟ ಫೈಲಿನ) ಮೊದಲಿಗೆ ಸೆಟ್ -ಓ ಪೈಪ್‌ಫೇಲ್ ಎಂದು ಒಂದು ಸಾಲು ಬರೆದರೆ ಬ್ಯಾಶ್ ಶೆಲ್ ಈ ತಪ್ಪನ್ನು ಮಾಡುವುದಿಲ್ಲ. ಸಾಲಿನಲ್ಲಿ ಯಾರು ಸೋತರೂ ಇಡೀ ಸಾಲು ಸೋತಂತೆ ಎಣಿಸುತ್ತದೆ.

ಎರಡನೆಯದು ಲೂಪ್, ಎಂದರೆ ಒಂದೇ ಆದೇಶವನ್ನು ಪ್ರತಿ ಪುಟಕ್ಕೂ ಮರಳಿ ಮರಳಿ ನಡೆಸುವುದು; ನನ್ನ ರಾತ್ರಿಯನ್ನು ನುಂಗಿದ್ದು ಅದೇ. 1,860 ಪುಟಗಳ ಒಂದು ಕಂತನ್ನು ಓದಲು ಬಿಟ್ಟು ಮನೆಗೆ ಹೋಗಿದ್ದೆ. ಬೆಳಗಿನ ಜಾವ ಮೊಬೈಲಿಗೆ "ಮುಗಿದಿದೆ, ಕೋಡ್ 0" ಎಂಬ ಸಂದೇಶ ಬಂತು. ಹೋಗಿ ನೋಡಿದರೆ ಸಾವಿರದ ನೂರರ ಆಸುಪಾಸಿನ ಪುಟದಲ್ಲಿ ಡಿಸ್ಕ್ ತುಂಬಿಹೋಗಿತ್ತು. ಅಲ್ಲಿಂದ ಮುಂದೆ ಪ್ರತಿ ಪುಟವೂ ಸೋಲುತ್ತ ಹೋಗಿದೆ, ಆದರೆ ಲೂಪ್ ನಿಲ್ಲದೆ ಮುಂದಿನ ಪುಟಕ್ಕೆ ಹಾರಿದೆ, ಮತ್ತು ಕೊನೆಯಲ್ಲಿ ಪರದೆಗೆ ಒಂದು ಸಾಲು ಬರೆಯುವ ಸಣ್ಣ ಆದೇಶ ಗೆದ್ದದ್ದರಿಂದ ಇಡೀ ಸ್ಕ್ರಿಪ್ಟ್ ಗೆದ್ದಂತೆ ವರದಿಯಾಗಿದೆ. ಸುಳ್ಳು ಹೇಳಿದ್ದು ಯಂತ್ರವಲ್ಲ. ಕೇಳಬೇಕಾದ ಪ್ರಶ್ನೆಯನ್ನು ನಾನು ಕೇಳಿರಲಿಲ್ಲ.

ಅಂದಿನಿಂದ ನನ್ನ ಸಂದೇಶದಲ್ಲಿ ಎಣಿಕೆ ಇರುತ್ತದೆ. ನಮ್ಮ ಕಡೆ ದಾಲ್ ಮಿಲ್ಲಿಗೆ ತೊಗರಿ ಹಾಕುವವರು ಒಳಗೆ ಹೋದದ್ದನ್ನೂ ಹೊರಗೆ ಬಂದದ್ದನ್ನೂ ಬರೆದಿಟ್ಟುಕೊಳ್ಳುವಂತೆ, ಎಷ್ಟು ಚಿತ್ರಗಳು ಒಳಗೆ ಹೋದವು, ಎಷ್ಟು ಪಠ್ಯದ ಫೈಲುಗಳು ಹೊರಗೆ ಬಂದವು ಎಂಬ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಬರೆಯಿಸುತ್ತೇನೆ. ಎಣಿಸುವಾಗ ಖಾಲಿ ಫೈಲುಗಳನ್ನು ಬಿಡಬೇಕು, ಏಕೆಂದರೆ ಡಿಸ್ಕ್ ತುಂಬಿದಾಗ ಹೆಸರಿದ್ದು ಒಳಗೇನೂ ಇಲ್ಲದ ಫೈಲುಗಳು ಉಳಿಯುವುದುಂಟು. ಫೈಲುಗಳನ್ನು ಹುಡುಕುವ ಫೈಂಡ್ ಆದೇಶಕ್ಕೆ -ಸೈಜ್ +0 ಎಂದು ಸೇರಿಸಿ, ಅದರ ಫಲಿತಾಂಶವನ್ನು ಸಾಲುಗಳನ್ನು ಎಣಿಸುವ ಡಬ್ಲ್ಯುಸಿ -ಎಲ್ ಎಂಬುದಕ್ಕೆ ಪೈಪ್ ಮಾಡಿದರೆ ಖಾಲಿಯಲ್ಲದವುಗಳ ಲೆಕ್ಕ ಮಾತ್ರ ಸಿಗುತ್ತದೆ. ವಿಡಿಯೋದವರಿಗೆ ಇದಕ್ಕೆ ಸಮನಾದದ್ದು ಅವಧಿ: ಎಫ್‌ಎಫ್‌ಪ್ರೋಬ್ ಎಂಬ ಉಪಕರಣ ಸಿದ್ಧವಾದ ಫೈಲಿನ ಅವಧಿಯನ್ನು ಸೆಕೆಂಡುಗಳಲ್ಲಿ ಹೇಳುತ್ತದೆ. ಟೈಮ್‌ಲೈನಿನಲ್ಲಿ ಮೂರು ಗಂಟೆ ಇದ್ದು ಫೈಲಿನಲ್ಲಿ ಎರಡೂ ಕಾಲು ಗಂಟೆ ಇದ್ದರೆ ಕೆಲಸ ಮುಗಿದಿಲ್ಲ, ನಿಂತಿದೆ.

ಹತ್ತಿರದಲ್ಲಿಯೇ ಇರುವವರಿಗೆ

ಕೋಣೆಯಲ್ಲಿಯೇ ಇದ್ದು ಬೇರೆ ಕೆಲಸ ಮಾಡುವವರಿಗೆ ಸದ್ದು ಸಾಕು. ಆಸ್ಕಿ ಅಕ್ಷರ ಪಟ್ಟಿಯಲ್ಲಿ 7ನೆಯ ಸಂಕೇತದ ಹೆಸರೇ ಗಂಟೆ; ಹಿಂದಿನ ಟೆಲಿಪ್ರಿಂಟರುಗಳಲ್ಲಿ ನಿಜವಾದ ಗಂಟೆಯಿತ್ತು, ಈ ಸಂಕೇತ ಬಂದಾಗ ಅದು ಬಾರಿಸುತ್ತಿತ್ತು. ಇಂದಿನ ಟರ್ಮಿನಲ್‌ಗಳೂ ಅದನ್ನು ಉಳಿಸಿಕೊಂಡಿವೆ. ಟಿಪುಟ್ ಬೆಲ್ ಎಂಬ ಆದೇಶವನ್ನು ಕೆಲಸದ ಕೊನೆಗೆ ಸೇರಿಸಿದರೆ ಟಿಣ್ ಎನ್ನುತ್ತದೆ. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಕನ್ಸೋಲ್ ಎಂಬ ಪದವನ್ನು ಚೌಕ ಆವರಣದಲ್ಲಿ ಬರೆದು, ಎರಡು ಜೋಡಿ ಚುಕ್ಕೆ ಇಟ್ಟು, ಬೀಪ್(880, 500) ಎಂದರೆ 880 ಹರ್ಟ್ಜ್ ಸ್ವರ ಅರ್ಧ ಸೆಕೆಂಡು ಕೇಳಿಸುತ್ತದೆ.

ಯಂತ್ರ ಕನ್ನಡದಲ್ಲಿಯೇ ಮಾತನಾಡಬೇಕೆಂದರೆ ಇಸ್ಪೀಕ್-ಎನ್‌ಜಿ ಎಂಬ ಮುಕ್ತ ತಂತ್ರಾಂಶವನ್ನು ಹಾಕಿಕೊಳ್ಳಿ. ಅದಕ್ಕೆ -ವಿ ಎಂಬ ಆಯ್ಕೆಯ ಜೊತೆ ಕನ್ನಡದ ಸಂಕೇತವಾದ ಕೆ, ಎನ್ ಎಂಬ ಎರಡು ಅಕ್ಷರಗಳನ್ನು ಕೊಟ್ಟು, ಉದ್ಧರಣ ಚಿಹ್ನೆಯೊಳಗೆ "ಪುಟಗಳ ಓದು ಮುಗಿಯಿತು" ಎಂದು ಕನ್ನಡದಲ್ಲಿಯೇ ಬರೆದರೆ ಅದು ಓದಿ ಹೇಳುತ್ತದೆ. ಧ್ವನಿ ಯಾಂತ್ರಿಕವಾದದ್ದು, ಒತ್ತಕ್ಷರಗಳಲ್ಲಿ ಸ್ವಲ್ಪ ತಡವರಿಸುತ್ತದೆ, ಆದರೆ ಪಕ್ಕದ ಕೋಣೆಯಿಂದಲೂ ಅರ್ಥವಾಗುತ್ತದೆ. ಗೆದ್ದಾಗ ಒಂದು ಮಾತು, ಸೋತಾಗ ಇನ್ನೊಂದು ಮಾತು ಹೇಳಿಸಿದರೆ ಎದ್ದು ನೋಡುವ ಅಗತ್ಯವೂ ಇಲ್ಲ.

ಪರದೆಯ ಮೂಲೆಯಲ್ಲಿ ಸೂಚನೆ ತೋರಿಸಲು ಲಿನಕ್ಸ್‌ನಲ್ಲಿ ನೋಟಿಫೈ-ಸೆಂಡ್ ಇದೆ. ಉಬುಂಟುವಿನಲ್ಲಿ ಇದನ್ನೇ ಬಳಸುವ ಅಲರ್ಟ್ ಎಂಬ ಕಿರುನಾಮವನ್ನು ಬ್ಯಾಶ್‌ನ ಸಂಯೋಜನಾ ಫೈಲಿನಲ್ಲಿ ಮೊದಲೇ ಬರೆದಿಟ್ಟಿರುತ್ತಾರೆ. ಬಹಳ ಮಂದಿಗೆ ಅದು ಗೊತ್ತಿಲ್ಲ. ಹೀಗೆ ಬರೆದು ನೋಡಿ:

ಸ್ಲೀಪ್ 10; ಅಲರ್ಟ್

ಹತ್ತು ಸೆಕೆಂಡಿನ ನಂತರ ಸೂಚನೆ ಮೂಡುತ್ತದೆ, ಮತ್ತು ಕೆಲಸ ಸೋತಿದ್ದರೆ ಬೇರೆ ಚಿಹ್ನೆ ತೋರಿಸುತ್ತದೆ. ಟರ್ಮಿನಲ್ ಮುಟ್ಟದೆ ಗುಂಡಿಗಳಲ್ಲಿಯೇ ಕೆಲಸ ಮಾಡುವವರು ತಮ್ಮ ತಂತ್ರಾಂಶದ ಸಂಯೋಜನೆಗಳನ್ನು ಒಮ್ಮೆ ಹುಡುಕಬೇಕು. ವಿಡಿಯೋ ಪರಿವರ್ತಿಸುವ ಹ್ಯಾಂಡ್‌ಬ್ರೇಕ್‌ನಲ್ಲಿ, ಉದಾಹರಣೆಗೆ, ಕೆಲಸ ಮುಗಿದಾಗ ಏನು ಮಾಡಬೇಕೆಂದು ಆರಿಸುವ ಸೌಲಭ್ಯವಿದೆ.

ಮೊಬೈಲಿಗೆ ಸಂದೇಶ

ಊರಿನೊಳಗೆ ಓಡಾಡುವವರಿಗೆ ನಿಜವಾಗಿ ಉಪಯೋಗವಾಗುವುದು ಇದು. ಮೂರು ದಾರಿಗಳಿವೆ. ನಾನು ದಿನವೂ ಬಳಸುವುದು ಎನ್‌ಟಿಎಫ್‌ವೈ ಎಂಬ ಸೇವೆಯನ್ನು. ಹೆಸರನ್ನು ಬರೆಯುವುದು ಎನ್, ಟಿ, ಎಫ್, ವೈ ಎಂಬ ನಾಲ್ಕು ಅಕ್ಷರಗಳಲ್ಲಿ, ಉಚ್ಚಾರ ನೋಟಿಫೈ. ಇದು ಮುಕ್ತ ತಂತ್ರಾಂಶ. ಖಾತೆ ತೆರೆಯುವ ಅಗತ್ಯವಿಲ್ಲ. ಮೊಬೈಲಿನಲ್ಲಿ ಇದರ ಆ್ಯಪ್ ಹಾಕಿಕೊಂಡು ಒಂದು ವಿಷಯದ ಹೆಸರಿಗೆ ಚಂದಾದಾರರಾಗಬೇಕು, ಕಂಪ್ಯೂಟರಿನಿಂದ ಅದೇ ಹೆಸರಿಗೆ ಸಂದೇಶ ಕಳಿಸಬೇಕು. ಕಳಿಸಲು ಸಿ, ಯು, ಆರ್, ಎಲ್ ಎಂದು ಬರೆಯುವ ಕರ್ಲ್ ಆದೇಶ ಸಾಕು:

ಕರ್ಲ್ -ಡಿ "ಪುಟಗಳ ಓದು ಮುಗಿದಿದೆ" ಎನ್‌ಟಿಎಫ್‌ವೈ.ಎಸ್‌ಎಚ್/ನೀವು-ಆರಿಸಿದ-ಹೆಸರು

ಹೆಸರು ಆರಿಸುವಾಗ ಎಚ್ಚರ ಬೇಕು. ಈ ಸಾರ್ವಜನಿಕ ಸರ್ವರಿನಲ್ಲಿ ಆ ಹೆಸರೇ ಬೀಗದ ಕೈ. ಅದನ್ನು ಊಹಿಸಬಲ್ಲ ಯಾರಾದರೂ ನಿಮ್ಮ ಸಂದೇಶಗಳನ್ನು ಓದಬಹುದು, ಸುಳ್ಳು ಸಂದೇಶವನ್ನೂ ಕಳಿಸಬಹುದು. ಊರಿನ ಹೆಸರು, ಅಂಗಡಿಯ ಹೆಸರು ಬೇಡ. ಅಕ್ಷರ ಅಂಕೆ ಬೆರೆಸಿದ ಹದಿನೈದು ಇಪ್ಪತ್ತು ಅಕ್ಷರಗಳ ಅರ್ಥವಿಲ್ಲದ ಹೆಸರು ಇರಲಿ, ಮತ್ತು ಗ್ರಾಹಕರ ಹೆಸರು, ಫೋನ್ ಸಂಖ್ಯೆ, ರೋಗಿಯ ವಿವರ, ವಿದ್ಯಾರ್ಥಿಯ ಅಂಕ ಇಂಥವುಗಳನ್ನು ಸಂದೇಶದೊಳಗೆ ಎಂದೂ ಬರೆಯಬೇಡಿ. ಗೋಪ್ಯತೆ ಮುಖ್ಯವಾದ ಕಚೇರಿಯವರು ಇದೇ ತಂತ್ರಾಂಶವನ್ನು ತಮ್ಮದೇ ಸರ್ವರಿನಲ್ಲಿ ಹಾಕಿಕೊಳ್ಳಬಹುದು.

ಕನ್ನಡದಲ್ಲಿ ಕಳಿಸುವವರಿಗೆ ಒಂದೆರಡು ಮಾತು. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತವೂ ಮೂರು ಬೈಟ್ ತೆಗೆದುಕೊಳ್ಳುತ್ತದೆ; ಒತ್ತಕ್ಷರವೊಂದರಲ್ಲಿ ಇಂಥ ಕನಿಷ್ಠ ಮೂರು ಸಂಕೇತಗಳಿರುತ್ತವೆ, ಅಂದರೆ ಒಂಬತ್ತು ಬೈಟ್. ಎನ್‌ಟಿಎಫ್‌ವೈ ಸಂದೇಶದ ಮಿತಿ 4,096 ಬೈಟ್ ಆದ್ದರಿಂದ ಇಡೀ ವರದಿಯನ್ನು ತುರುಕಲು ಹೋಗಬೇಡಿ. ಸಂದೇಶದ ಒಡಲಿನಲ್ಲಿ ಕನ್ನಡ ಯಾವ ತೊಡಕೂ ಇಲ್ಲದೆ ಹೋಗುತ್ತದೆ, ಶೀರ್ಷಿಕೆಯಲ್ಲಿ ಮಾತ್ರ ಇಂಗ್ಲಿಷ್ ಅಕ್ಷರ ಇಡುವುದು ಸುರಕ್ಷಿತ. ವಿಂಡೋಸ್‌ನ ಕಪ್ಪು ಪರದೆಯಲ್ಲಿ ಕನ್ನಡ ಟೈಪ್ ಮಾಡಿ ಕಳಿಸಿದರೆ ಅಕ್ಷರಗಳು ಚೂರಾಗಿ ತಲುಪಬಹುದು. ಸಂದೇಶವನ್ನು ನೋಟ್‌ಪ್ಯಾಡಿನಲ್ಲಿ ಬರೆದು ಯುಟಿಎಫ್-8 ಆಗಿ ಉಳಿಸಿ, -ಡಿ ಮುಂದೆ @ ಚಿಹ್ನೆ ಹಾಕಿ ಆ ಫೈಲಿನ ಹೆಸರು ಕೊಡಿ. ವಿಂಡೋಸ್ 10ರ 1803ನೆಯ ಆವೃತ್ತಿಯಿಂದೀಚೆಗೆ ಕರ್ಲ್ ಯಂತ್ರದೊಳಗೇ ಬರುತ್ತದೆ, ಆದರೆ ವಿಂಡೋಸ್‌ನ ಜೊತೆ ಬರುವ ಹಳೆಯ ಪವರ್‌ಶೆಲ್ 5.1ರಲ್ಲಿ ಆ ಹೆಸರು ಬೇರೊಂದು ಆದೇಶಕ್ಕೆ ಅಡ್ಡಹೆಸರಾಗಿದೆ, ಅಲ್ಲಿ ಕರ್ಲ್.ಇಎಕ್ಸ್‌ಇ ಎಂದು ಪೂರ್ತಿಯಾಗಿ ಬರೆಯಬೇಕು. && ಮತ್ತು || ಕೂಡ ಪವರ್‌ಶೆಲ್ 7ರಿಂದ ಮಾತ್ರ ನಡೆಯುತ್ತವೆ.

ಎರಡನೆಯ ದಾರಿ ಟೆಲಿಗ್ರಾಂ. ಹಲವರಿಗೆ ಒಂದೇ ಸಂದೇಶ ಹೋಗಬೇಕಾದಾಗ, ಉದಾಹರಣೆಗೆ ಸ್ಟುಡಿಯೋದ ನಾಲ್ವರ ಗುಂಪಿಗೆ, ಇದು ಅನುಕೂಲ. ಬಾಟ್‌ಫಾದರ್ ಎಂಬ ಅಧಿಕೃತ ಬಾಟ್‌ಗೆ (ಬಾಟ್ ಎಂದರೆ ಪ್ರೋಗ್ರಾಂ ನಡೆಸುವ ಖಾತೆ) ಓರೆಗೆರೆ ಹಾಕಿ ನ್ಯೂಬಾಟ್ ಎಂದು ಬರೆದರೆ ಅದು ನಿಮಗೊಂದು ಹೊಸ ಬಾಟ್ ಮಾಡಿಕೊಟ್ಟು ಉದ್ದನೆಯ ಟೋಕನ್, ಎಂದರೆ ಗುಟ್ಟಿನ ಕೀಲಿ, ಕೊಡುತ್ತದೆ. ಬಾಟ್ ತಾನಾಗಿ ಯಾರನ್ನೂ ಮಾತನಾಡಿಸಲಾರದು. ಮೊದಲು ನೀವೇ ಅದಕ್ಕೊಂದು ಸಂದೇಶ ಕಳಿಸಬೇಕು, ಆಮೇಲೆ ಟೆಲಿಗ್ರಾಂನ ಗೆಟ್‌ಅಪ್‌ಡೇಟ್ಸ್ ವಿಳಾಸವನ್ನು ಬ್ರೌಸರಿನಲ್ಲಿ ತೆರೆದು ನಿಮ್ಮ ಚಾಟ್ ಸಂಖ್ಯೆಯನ್ನು ಕಂಡುಕೊಳ್ಳಬೇಕು. ಬಹಳ ಮಂದಿ ಸೋತು ಕೈಬಿಡುವುದು ಈ ಮೆಟ್ಟಿಲಿನಲ್ಲಿ. ಟೋಕನ್ ಅನ್ನು ಸ್ಕ್ರಿಪ್ಟಿನೊಳಗೆ ಬರೆಯದೆ ಬೇರೆ ಫೈಲಿನಲ್ಲಿಟ್ಟು, ಅದನ್ನು ನಿಮ್ಮ ಹೊರತು ಬೇರೆ ಬಳಕೆದಾರರು ಓದಲಾಗದಂತೆ 600 ಎಂಬ ಅನುಮತಿ ಕೊಡಿ; ಸ್ಕ್ರಿಪ್ಟುಗಳನ್ನು ನಾವು ಗೆಳೆಯರಿಗೆ ಕೊಡುತ್ತಿರುತ್ತೇವೆ, ಟೋಕನ್ ಜೊತೆಗೇ ಹೋಗಿಬಿಡುತ್ತದೆ.

ಮೂರನೆಯದು ಇಮೇಲ್. ತಡವಾಗಿ ನೋಡಿದರೂ ನಡೆಯುವ ಕೆಲಸಕ್ಕೆ ಮಾತ್ರ ಇದು ಸರಿ. ಜಿಮೇಲ್ ವೈಯಕ್ತಿಕ ಖಾತೆಗಳಲ್ಲಿ 2022ರ ಮೇ 30ರಿಂದ ಬರಿಯ ಪಾಸ್‌ವರ್ಡ್ ಕೊಟ್ಟು ಹೊರಗಿನ ಸ್ಕ್ರಿಪ್ಟುಗಳು ಒಳಹೋಗುವುದನ್ನು ನಿಲ್ಲಿಸಿದೆ. ಎರಡು ಹಂತದ ದೃಢೀಕರಣವನ್ನು ಚಾಲೂ ಮಾಡಿ, 16 ಅಕ್ಷರಗಳ ಆ್ಯಪ್ ಪಾಸ್‌ವರ್ಡ್ ಪಡೆದು, ಅದನ್ನು ಸ್ಕ್ರಿಪ್ಟಿಗೆ ಕೊಡಬೇಕು. ದೂರದ ಸಂಸ್ಥೆಯ ಕ್ಲಸ್ಟರಿನಲ್ಲಿ (ಒಟ್ಟಾಗಿ ದುಡಿಯುವ ಕಂಪ್ಯೂಟರುಗಳ ಗುಂಪಿನಲ್ಲಿ) ಕೆಲಸಗಳ ಸರದಿ ನೋಡಿಕೊಳ್ಳುವ ಸ್ಲರ್ಮ್ ಮೂಲಕ ಲೆಕ್ಕ ಓಡಿಸುವ ಸಂಶೋಧಕರಿಗೆ ಈ ಗೋಜಿಲ್ಲ. ಕೆಲಸದ ಫೈಲಿನಲ್ಲಿ ಮೇಲ್-ಟೈಪ್ ಎಂಬ ಸಾಲಿಗೆ ಎಂಡ್ ಮತ್ತು ಫೇಲ್ ಎರಡನ್ನೂ ಬರೆದು, ಮೇಲ್-ಯೂಸರ್ ಸಾಲಿನಲ್ಲಿ ವಿಳಾಸ ಕೊಟ್ಟರೆ, ಅಲ್ಲಿನ ವ್ಯವಸ್ಥಾಪಕರು ಅಂಚೆ ಸೌಲಭ್ಯ ಇಟ್ಟಿದ್ದ ಪಕ್ಷದಲ್ಲಿ, ಪತ್ರ ತಾನಾಗಿ ಬರುತ್ತದೆ.

ಆಗಲೇ ಆರಂಭವಾಗಿಬಿಟ್ಟಿದ್ದರೆ

ಕೆಲಸ ಆರಂಭಿಸಿ ಒಂದು ಗಂಟೆಯಾದ ಮೇಲೆ ಸಂದೇಶದ ನೆನಪಾಗುವುದು ಎಲ್ಲರಿಗೂ ಆಗುವಂಥದ್ದು. ಕೆಲಸವನ್ನು ರದ್ದು ಮಾಡಬೇಕಿಲ್ಲ. ಅದೇ ಟರ್ಮಿನಲ್‌ನಲ್ಲಿ ಕಂಟ್ರೋಲ್ ಮತ್ತು ಝಡ್ ಒತ್ತಿದರೆ ಅದು ತಾತ್ಕಾಲಿಕವಾಗಿ ನಿಲ್ಲುತ್ತದೆ, ಕೂಡಲೇ ಎಫ್‌ಜಿ; ಅಲರ್ಟ್ ಎಂದು ಬರೆದರೆ ನಿಂತಲ್ಲಿಂದ ಮುಂದುವರಿದು, ಮುಗಿದಾಗ ಸೂಚನೆ ಕೊಡುತ್ತದೆ, ಎಕ್ಸಿಟ್ ಕೋಡ್ ಕೂಡ ಸರಿಯಾಗಿಯೇ ಸಿಗುತ್ತದೆ. ಇಂಟರ್‌ನೆಟ್‌ನಿಂದ ಏನನ್ನಾದರೂ ಇಳಿಸಿಕೊಳ್ಳುತ್ತಿದ್ದರೆ ಮಾತ್ರ ಹೆಚ್ಚು ಹೊತ್ತು ನಿಲ್ಲಿಸಬೇಡಿ, ಆ ಕಡೆಯ ಸರ್ವರ್ ಸಂಪರ್ಕ ಕಡಿಯಬಹುದು.

ಬೇರೆ ಕಿಟಕಿಯಿಂದಲೇ ಕಾಯಬೇಕಾದರೆ, ಪಿಗ್ರೆಪ್ ಆದೇಶದಿಂದ ಆ ಕೆಲಸದ ಪ್ರೊಸೆಸ್ ಸಂಖ್ಯೆಯನ್ನು ತಿಳಿದುಕೊಂಡು, ಟೇಲ್ ಆದೇಶಕ್ಕೆ --ಪಿಐಡಿ= ಎಂದು ಆ ಸಂಖ್ಯೆ ಕೊಟ್ಟು, -ಎಫ್ ಎಂಬ ಆಯ್ಕೆಯೊಂದಿಗೆ ಡೆವ್ ಫೋಲ್ಡರಿನ ನಲ್ ಎಂಬ ಖಾಲಿ ಸಾಧನವನ್ನು ಹೆಸರಿಸಬೇಕು. ಆ ಪ್ರೊಸೆಸ್ ಬದುಕಿರುವವರೆಗೆ ಟೇಲ್ ಸುಮ್ಮನೆ ಕಾಯುತ್ತದೆ, ಸತ್ತೊಡನೆ ತಾನೂ ಮುಗಿಯುತ್ತದೆ, ಅದರ ಮುಂದೆ ; ಇಟ್ಟು ಸಂದೇಶದ ಆದೇಶ ಬರೆಯಿರಿ. ಈ ಬಗೆಯಲ್ಲಿ ಕೆಲಸ ನಿಂತಿತೆಂದು ತಿಳಿಯುತ್ತದೆಯೇ ಹೊರತು ಗೆದ್ದಿತೋ ಸೋತಿತೋ ತಿಳಿಯುವುದಿಲ್ಲ, ಎಣಿಕೆಯನ್ನೇ ನಂಬಬೇಕು.

ಸಂದೇಶ ಕಳಿಸುವ ಯಾವ ಅನುಕೂಲವೂ ಇಲ್ಲದ ವಿಡಿಯೋ ತಂತ್ರಾಂಶಕ್ಕೆ ನಾನು ಕೆಳಗಿನ ಸ್ಟುಡಿಯೋದವರಿಗೆ ಮಾಡಿಕೊಟ್ಟ ಉಪಾಯ ಹೀಗಿದೆ: ಒಂದು ಸಣ್ಣ ಸ್ಕ್ರಿಪ್ಟ್ ನಿಮಿಷಕ್ಕೊಮ್ಮೆ ಸಿದ್ಧವಾಗುತ್ತಿರುವ ಫೈಲಿನ ಗಾತ್ರ ನೋಡುತ್ತದೆ, ಐದು ಸಲ ಸತತವಾಗಿ ಗಾತ್ರ ಬದಲಾಗದಿದ್ದರೆ "ಫೈಲ್ ಬೆಳೆಯುವುದು ನಿಂತಿದೆ" ಎಂದು ತಿಳಿಸುತ್ತದೆ. "ಮುಗಿದಿದೆ" ಎಂದು ಬರೆಯಿಸಿಲ್ಲ, ಏಕೆಂದರೆ ಅದು ಆ ಸ್ಕ್ರಿಪ್ಟಿಗೆ ಗೊತ್ತಿಲ್ಲ.

ಕರೆಂಟ್ ಹೋದಾಗ ಯಾರು ತಿಳಿಸುತ್ತಾರೆ

ಇಲ್ಲಿಯವರೆಗೆ ಹೇಳಿದ್ದೆಲ್ಲವೂ ಯಂತ್ರ ಬದುಕಿದ್ದು ಇಂಟರ್‌ನೆಟ್ ಇದ್ದಾಗ ನಡೆಯುವ ಮಾತು. ಏಪ್ರಿಲ್ ಮೇ ತಿಂಗಳುಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುವುದು ಸಾಮಾನ್ಯ. ಕೋಣೆಯೇ ಕುದಿಯುತ್ತಿದ್ದಾಗ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ವೇಗ ತಗ್ಗಿಸುತ್ತದೆ, ಡಿಸೆಂಬರಿನಲ್ಲಿ ಏಳು ಗಂಟೆ ಹಿಡಿದ ಕೆಲಸ ಮೇ ತಿಂಗಳಲ್ಲಿ ಅಷ್ಟರಲ್ಲಿ ಮುಗಿಯುವುದಿಲ್ಲ. ಸಂಜೆಯ ಗಾಳಿಮಳೆಗೆ ಕರೆಂಟ್ ಹೋದರೆ ಯುಪಿಎಸ್ ಕೆಲವೇ ನಿಮಿಷ ತಡೆಯುತ್ತದೆ. ಆಮೇಲೆ ಯಂತ್ರ ಆರಿಹೋಗುತ್ತದೆ, ಆರಿದ ಯಂತ್ರ ಯಾರಿಗೂ ಸಂದೇಶ ಕಳಿಸಲಾರದು. ಬ್ಯಾಶ್‌ನ ಟ್ರ್ಯಾಪ್ ಸೌಲಭ್ಯದಿಂದ ಸ್ಕ್ರಿಪ್ಟ್ ಯಾವ ಕಾರಣಕ್ಕೆ ಮುಗಿದರೂ ಕೊನೆಯ ಮಾತು ಹೇಳುವಂತೆ ಮಾಡಬಹುದು, ಪೈಥಾನ್‌ನಲ್ಲಿ ಟ್ರೈ ಮತ್ತು ಫೈನಲಿಗಳಿಂದ ಅದನ್ನೇ ಸಾಧಿಸಬಹುದು, ಎರಡನ್ನೂ ಬಳಸಿ. ಆದರೆ ಮೆಮೊರಿ ಸಾಲದೆ ಕೊಲ್ಲಲ್ಪಟ್ಟ ಪ್ರೊಸೆಸ್‌ಗೂ ಕರೆಂಟ್ ಹೋದ ಯಂತ್ರಕ್ಕೂ ಆ ಕೊನೆಯ ಮಾತಿನ ಅವಕಾಶ ಸಿಗುವುದಿಲ್ಲ.

ಇದಕ್ಕೆ ಪರಿಹಾರ ಲೆಕ್ಕವನ್ನು ತಿರುಗಿಸುವುದು: ಯಂತ್ರ ನಿಯಮಿತವಾಗಿ "ನಡೆಯುತ್ತಿದೆ" ಎಂದು ಹೊರಗಿನ ಒಬ್ಬರಿಗೆ ಹೇಳುತ್ತಿರಬೇಕು, ಆ ಮಾತು ನಿಂತಾಗ ಆ ಹೊರಗಿನವರು ನಮಗೆ ತಿಳಿಸಬೇಕು. ಹೆಲ್ತ್‌ಚೆಕ್ಸ್ ಎಂಬ ಸೇವೆ ಮಾಡುವುದು ಇದನ್ನೇ. 20 ಕೆಲಸಗಳವರೆಗೆ ಅದು ಉಚಿತ. ಖಾತೆ ತೆರೆದು ಒಂದು ಚೆಕ್ ಸೃಷ್ಟಿಸಿದರೆ ನಿಮಗೇ ಮೀಸಲಾದ ವಿಳಾಸ ಸಿಗುತ್ತದೆ. ಪ್ರತಿ ಐವತ್ತು ಪುಟಗಳಿಗೊಮ್ಮೆ ಕರ್ಲ್‌ನಿಂದ ಆ ವಿಳಾಸವನ್ನು ತಟ್ಟುವಂತೆ ಸ್ಕ್ರಿಪ್ಟಿನಲ್ಲಿ ಬರೆಯಿರಿ. ಎಷ್ಟು ಹೊತ್ತಿಗೊಮ್ಮೆ ತಟ್ಟಬೇಕು, ತಪ್ಪಿದರೆ ಇನ್ನೆಷ್ಟು ಹೊತ್ತು ಕಾಯಬೇಕು ಎಂಬ ಎರಡು ಅವಧಿಗಳನ್ನು ಅಲ್ಲಿ ತುಂಬಬೇಕು. ನಾನು 20 ನಿಮಿಷ ಮತ್ತು 10 ನಿಮಿಷ ಇಟ್ಟಿದ್ದೇನೆ. ಬೇಸಿಗೆಯಲ್ಲಿ ಯಂತ್ರ ನಿಧಾನವಾಗುವುದರಿಂದ ಅವಧಿಯನ್ನು ಬಿಗಿಯಾಗಿ ಇಡಬೇಡಿ, ಸುಳ್ಳು ಎಚ್ಚರಿಕೆಗಳು ಹೆಚ್ಚಾದರೆ ನಿಜವಾದದ್ದು ಬಂದಾಗಲೂ ನಾವು ಮೊಬೈಲನ್ನು ತಿರುವಿಟ್ಟು ಮಲಗುತ್ತೇವೆ. ಕೆಲಸ ಮುಗಿದಾಗ ಆ ಚೆಕ್ ಅನ್ನು ವಿರಾಮದಲ್ಲಿ ಇಡುವುದನ್ನು ಮರೆಯಬೇಡಿ.

ಇದರ ಜೊತೆಗೆ, ಗೊತ್ತಾದ ಹೊತ್ತಿಗೆ ಆದೇಶಗಳನ್ನು ತಾನಾಗಿ ನಡೆಸುವ ಕ್ರಾನ್ ಪಟ್ಟಿಯಲ್ಲಿ @ ಚಿಹ್ನೆಯೊಂದಿಗೆ ರೀಬೂಟ್ ಎಂದು ಒಂದು ಸಾಲು ಸೇರಿಸಿ, ಒಂದು ನಿಮಿಷ ಕಾದು "ಯಂತ್ರ ಮತ್ತೆ ಎದ್ದಿದೆ" ಎಂದು ಸಂದೇಶ ಕಳಿಸುವಂತೆ ಮಾಡಿ. ಆ ಒಂದು ನಿಮಿಷ ರೂಟರ್ ಎದ್ದೇಳಲು ಬೇಕು. ಕರೆಂಟ್ ಬಂದಾಗ ಯಂತ್ರ ತಾನಾಗಿ ಚಾಲೂ ಆಗುವ ಆಯ್ಕೆ ಬಹಳಷ್ಟು ಡೆಸ್ಕ್‌ಟಾಪ್‌ಗಳ ಬಯೋಸ್‌ನಲ್ಲಿ (ಯಂತ್ರ ಚಾಲೂ ಆಗುವಾಗ ತೆರೆಯಬಹುದಾದ ಮೂಲ ಸಂಯೋಜನೆಯಲ್ಲಿ) ಇರುತ್ತದೆ. ಕರ್ಲ್‌ಗೆ --ರಿಟ್ರೈ 5 ಎಂದು ಸೇರಿಸಿದರೆ ಇಂಟರ್‌ನೆಟ್ ಕ್ಷಣಕಾಲ ಕೈಕೊಟ್ಟರೂ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಇನ್ನು ಸ್ಕ್ರಿಪ್ಟಿನಲ್ಲಿ ಪ್ರತಿ ಪುಟವನ್ನು ಓದುವ ಮೊದಲು ಅದರ ಪಠ್ಯದ ಫೈಲ್ ಈಗಾಗಲೇ ಖಾಲಿಯಲ್ಲದೆ ಇದೆಯೇ ಎಂದು ನೋಡಿ, ಇದ್ದರೆ ಬಿಟ್ಟು ಮುಂದೆ ಹೋಗುವಂತೆ ಬರೆದಿದ್ದರೆ, ಕರೆಂಟ್ ಹೋದ ರಾತ್ರಿಯ ನಷ್ಟ ಒಂದೆರಡು ಪುಟಗಳಷ್ಟೇ.

ದೂರದ ಸರ್ವರಿಗೆ ಎಸ್‌ಎಸ್‌ಎಚ್ ಮೂಲಕ ಸೇರಿಕೊಂಡು ಕೆಲಸ ಮಾಡುವವರಿಗೆ ಇಂಟರ್‌ನೆಟ್ ಕಡಿದುಹೋಗುವುದೇ ಕರೆಂಟ್ ಹೋದಂತೆ. ಸಂಪರ್ಕ ತಪ್ಪಿದೊಡನೆ ಅಲ್ಲಿನ ಕೆಲಸವೂ ಸಾಮಾನ್ಯವಾಗಿ ಸಾಯುತ್ತದೆ. ಸಂಪರ್ಕ ತಪ್ಪಿದರೂ ಟರ್ಮಿನಲ್ ಅನ್ನು ಸರ್ವರಿನಲ್ಲಿ ಉಳಿಸಿಡುವ ಟಿಮಕ್ಸ್ ಒಳಗೆ ಕೆಲಸ ಆರಂಭಿಸಿ, ಕಂಟ್ರೋಲ್ ಮತ್ತು ಬಿ ಒತ್ತಿ ಬಿಟ್ಟು ಡಿ ಒತ್ತಿದರೆ ನೀವು ಹೊರಬರುತ್ತೀರಿ, ಕೆಲಸ ಒಳಗೇ ನಡೆಯುತ್ತಿರುತ್ತದೆ. ಲ್ಯಾಪ್‌ಟಾಪಿನಲ್ಲಿ ಓಡಿಸುವವರು ಅದು ನಿದ್ದೆಗೆ ಜಾರದಂತೆ ನೋಡಿಕೊಳ್ಳಬೇಕು: ಲಿನಕ್ಸ್‌ನಲ್ಲಿ ಆದೇಶದ ಮೊದಲಿಗೆ ಸಿಸ್ಟಮ್‌ಡಿ-ಇನ್‌ಹಿಬಿಟ್, ಮ್ಯಾಕ್‌ನಲ್ಲಿ ಕೆಫಿನೇಟ್, ವಿಂಡೋಸ್‌ನಲ್ಲಿ ಪವರ್ ಸಂಯೋಜನೆ.

ಸಂದೇಶದಲ್ಲಿ ಏನಿರಬೇಕು, ಹೇಗೆ ಪರೀಕ್ಷಿಸಬೇಕು

ನನಗೆ ಬರುವ ಸಂದೇಶ ಎರಡು ಸಾಲಿನದು. ಮೊದಲ ಸಾಲಿನಲ್ಲಿ ಕಂತಿನ ಹೆಸರು ಮತ್ತು ಎಕ್ಸಿಟ್ ಕೋಡ್. ಎರಡನೆಯದರಲ್ಲಿ "ಒಳಗೆ 1,860, ಹೊರಗೆ 1,860, ಹಿಡಿದ ಸಮಯ 7 ಗಂಟೆ 10 ನಿಮಿಷ, ಡಿಸ್ಕಿನಲ್ಲಿ ಉಳಿದ ಜಾಗ 41 ಜಿಬಿ" ಎಂಬಂತಹ ಲೆಕ್ಕ. ಸೋತಿದ್ದರೆ ವರದಿಯ ಫೈಲಿನ ಕೊನೆಯ ಮೂರು ಸಾಲುಗಳೂ ಸೇರುತ್ತವೆ, ಏಕೆಂದರೆ ಬೆಳಗಿನ ಜಾವ ಎದ್ದು ಹೋಗಬೇಕೋ ಬೇಡವೋ ಎಂದು ನಿರ್ಧರಿಸಲು ಅಷ್ಟು ಸಾಕಾಗುತ್ತದೆ. ಎನ್‌ಟಿಎಫ್‌ವೈಯಲ್ಲಿ 1ರಿಂದ 5ರವರೆಗೆ ಆದ್ಯತೆ ಇಡಬಹುದು, ಏನೂ ಹೇಳದಿದ್ದರೆ ಅದು 3. ಗೆದ್ದ ಸುದ್ದಿಯನ್ನು 2ರಲ್ಲಿಯೂ ಸೋತ ಸುದ್ದಿಯನ್ನು 5ರಲ್ಲಿಯೂ ಕಳಿಸುತ್ತೇನೆ. ಗೆದ್ದ ಸುದ್ದಿಗೆ ಮನೆಯವರ ನಿದ್ದೆ ಕೆಡಬೇಕಾಗಿಲ್ಲ.

ಮೊಬೈಲಿನಲ್ಲಿಯೂ ಒಂದು ಕೆಲಸ ಬಾಕಿ ಇರುತ್ತದೆ. ಹಲವು ಆಂಡ್ರಾಯ್ಡ್ ಫೋನುಗಳು ಬ್ಯಾಟರಿ ಉಳಿಸಲೆಂದು ಹಿನ್ನೆಲೆಯ ಆ್ಯಪ್‌ಗಳನ್ನು ಮಲಗಿಸುತ್ತವೆ, ಸಂದೇಶ ಬೆಳಿಗ್ಗೆ ಫೋನು ಕೈಗೆತ್ತಿಕೊಂಡಾಗ ಒಟ್ಟಿಗೇ ಬಂದು ಬೀಳುತ್ತದೆ. ಸಂಯೋಜನೆಗಳಲ್ಲಿ ಆ ಆ್ಯಪ್‌ಗೆ ಬ್ಯಾಟರಿಯ ನಿರ್ಬಂಧ ತೆಗೆದುಹಾಕಿ.

ಆಮೇಲೆ ಪರೀಕ್ಷೆ, ಮತ್ತು ಇದನ್ನು ನಿಜವಾದ ಕೆಲಸ ಯಾವುದೂ ನಡೆಯದಿರುವಾಗ ಮಾಡಬೇಕು. ಸ್ಲೀಪ್ 10 ಎಂಬುದನ್ನು ಕೆಲಸದ ಜಾಗದಲ್ಲಿಟ್ಟು ಗೆದ್ದ ಸಂದೇಶ ಬರುವುದನ್ನು ನೋಡಿ. ಅದರ ಬದಲಿಗೆ ಫಾಲ್ಸ್ ಎಂಬ ಆದೇಶವನ್ನಿಡಿ. ಅದು ಯಾವಾಗಲೂ 1 ಎಂಬ ಕೋಡ್ ಕೊಟ್ಟು ಸೋಲುತ್ತದೆ, ಸೋತ ಸಂದೇಶ ಬರಲೇಬೇಕು. ಮೂರನೆಯದಾಗಿ ಹತ್ತು ಪುಟಗಳನ್ನು ಓದಲು ಬಿಟ್ಟು, ಅದರಲ್ಲಿ ಒಂದು ಚಿತ್ರವನ್ನು ಮೊದಲೇ ಕೆಡಿಸಿಟ್ಟಿರಿ. ಒಳಗೆ 10, ಹೊರಗೆ 9 ಎಂದು ಬಂದರೆ ಎಣಿಕೆ ಸರಿಯಿದೆ. ಕೊನೆಯದಾಗಿ ಯಂತ್ರ ಹೆಲ್ತ್‌ಚೆಕ್ಸ್‌ನ ವಿಳಾಸವನ್ನು ತಟ್ಟುತ್ತಿರುವಾಗಲೇ ರೂಟರಿನ ಪ್ಲಗ್ ಕಿತ್ತು, ಮೊಬೈಲನ್ನು ವೈಫೈನಿಂದ ಸಿಮ್‌ನ ಇಂಟರ್‌ನೆಟ್‌ಗೆ ಬದಲಿಸಿಕೊಂಡು, ಹೊರಗೆ ಒಂದು ಚಹಾ ಕುಡಿದು ಬನ್ನಿ. ನೀವು ಇಟ್ಟ ಅವಧಿ ಮೀರಿದ ಮೇಲೆ, ನನ್ನ ಲೆಕ್ಕದಲ್ಲಾದರೆ ಅರ್ಧ ಗಂಟೆಯೊಳಗೆ, ತಟ್ಟುವುದು ನಿಂತಿದೆ ಎಂಬ ಸುದ್ದಿ ಬಂದರೆ ಅಂದಿನ ರಾತ್ರಿಯ ಕಂತನ್ನು ಆ ಯಂತ್ರಕ್ಕೆ ಒಪ್ಪಿಸಿ ಮನೆಗೆ ಹೋಗಬಹುದು.